ಉಪ್ಪುನೀರಿನೊಳಗೊಂದು ರೇಡಿಯೋ

(ನಮ್ಮೂರಿನ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಬಂದವರಲ್ಲಿ ಅರ್ಧದಷ್ಟು ಜನ ನಿವೃತ್ತರು. ಕೆಲವರ ಎದೆಯಲ್ಲೇ ಬಡಿತ ತಪ್ಪದಂತೆ ಕಾಯುವ ಪುಟ್ಟ ಯಂತ್ರ, ಅಂದರೆ ಪೇಸ್‌ಮೇಕರ್ ಇತ್ತು. ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಮೊದಲು ಈ ಬಕೆಟ್ ವಿಷಯ ಮುಗಿಸಿಬಿಡೋಣ. ಬಂದಾಗಿನಿಂದ ಎಲ್ಲರೂ ಅದನ್ನೇ ನೋಡುತ್ತಿದ್ದೀರಿ. ಇದರಲ್ಲಿರುವುದು 15 ಲೀಟರ್ ನಲ್ಲಿ ನೀರು. ಮೇಜಿನ ಮೇಲಿರುವುದು ಬ್ಲೂಟೂತ್ ಸ್ಪೀಕರ್. ನನ್ನ ಹಳೇ ಮೊಬೈಲನ್ನು ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ದಾರ ಕಟ್ಟಿ, ಹಾಡು ಹಚ್ಚಿದ್ದೇನೆ. ಸ್ಪೀಕರಿನಲ್ಲಿ ಕೇಳುತ್ತಿದೆ, ಅಲ್ವಾ? ಈಗ ಮೊಬೈಲನ್ನು ಬಕೆಟ್ಟಿಗೆ ಇಳಿಸುತ್ತೇನೆ. ನೋಡಿ, ಹಾಡು ಅಲ್ಲಲ್ಲಿ ತೊದಲುತ್ತಿದೆ. ಆದರೂ ಪೂರ್ತಿ ನಿಂತಿಲ್ಲ.

ಮೇಲೆ ಎತ್ತಿದೆ. ಈಗ ಈ ಪೊಟ್ಟಣದಲ್ಲಿರುವ 135 ಗ್ರಾಂ ಉಪ್ಪನ್ನು ಸುರಿದು ಕದಡುತ್ತೇನೆ. ಮನೆಯಲ್ಲಿ ಸಾರಿಗೆ ಹಾಕುವ ಉಪ್ಪೇ. ಮತ್ತೆ ಇಳಿಸಿದೆ. ಅರ್ಧ ಗೇಣು ಮುಳುಗುವಷ್ಟರಲ್ಲಿ ಹಾಡು ನಿಂತಿತು.

"ಮೊಬೈಲ್ ಹಾಳಾಯ್ತಾ ಅಂಕಲ್?" ಅಂತ ಮುಂದಿನ ಸಾಲಿನ ಹುಡುಗ ಕೇಳುತ್ತಿದ್ದಾನೆ. ಇಲ್ಲ ಮರಿ. ಮೇಲೆತ್ತುತ್ತೇನೆ, ಒಂದೆರಡು ಕ್ಷಣ ತಡಿ. ಬಂತು ನೋಡು ಹಾಡು.

15 ಲೀಟರಿಗೆ 135 ಗ್ರಾಂ ಅಂದರೆ ಲೀಟರಿಗೆ 9 ಗ್ರಾಂ. ಈ ಲೆಕ್ಕ ಸುಮ್ನೆ ಹಾಕಿದ್ದಲ್ಲ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕುತ್ತಾರಲ್ಲ. ನಾವು ಮನೆಗೆ ಬಂದು "ಗ್ಲೂಕೋಸ್ ಹಾಕಿದ್ರು" ಅನ್ನುತ್ತೇವೆ. ಎಷ್ಟೋ ಸಲ ಅದರಲ್ಲಿ ಗ್ಲೂಕೋಸೇ ಇರುವುದಿಲ್ಲ. ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ನೀರು, ಅಷ್ಟೇ. ನಮ್ಮ ರಕ್ತಕ್ಕೆ ಒಗ್ಗುವ ಉಪ್ಪಿನ ಹದ ಅದು. ಅಂದರೆ ನಾವೆಲ್ಲ ನಡೆದಾಡುವ ಉಪ್ಪುನೀರಿನ ಬಕೆಟ್ಟುಗಳು. ಅದರೊಳಗೆ ಒಂದು ರೇಡಿಯೋ ಇಟ್ಟು, ಹೊರಗಿನವರ ಜೊತೆ ಮಾತಾಡು ಅಂದರೆ ಅದಕ್ಕೆ ಎಷ್ಟು ಕಷ್ಟ ಅನ್ನುವುದೇ ಇವತ್ತಿನ ಮಾತು.

ನಾನು ಡಾಕ್ಟರ್ ಅಲ್ಲ. ಆಂಟೆನಾ ಮಾಡುವವನು. ಈ ವಿಷಯ ನನ್ನ ಮನೆಯೊಳಗೇ ಬಂದದ್ದು ನಮ್ಮ ಚಿಕ್ಕಪ್ಪನಿಂದ. ಅವರಿಗೆ ಪೇಸ್‌ಮೇಕರ್ ಹಾಕಿದ ಮೇಲೆ ಆಸ್ಪತ್ರೆಯವರು ಹಾಸಿಗೆ ಪಕ್ಕ ಇಡಲು ಒಂದು ಪುಟ್ಟ ಪೆಟ್ಟಿಗೆ ಕೊಟ್ಟರು. ರಾತ್ರಿ ಅವರು ಮಲಗಿದಾಗ ಪೆಟ್ಟಿಗೆ ಪೇಸ್‌ಮೇಕರನ್ನು ಮಾತಾಡಿಸುತ್ತದೆ, ವರದಿ ತೆಗೆದುಕೊಂಡು ಮೊಬೈಲ್ ನೆಟ್‌ವರ್ಕ್ ಮೂಲಕ ಆಸ್ಪತ್ರೆಗೆ ಕಳಿಸುತ್ತದೆ. ಒಂದು ದಿನ ಅಲ್ಲಿಂದ ಫೋನ್ ಬಂತು. ಮೂರು ರಾತ್ರಿಯಿಂದ ವರದಿ ಇಲ್ಲ, ಪ್ಲಗ್ ಕಿತ್ತಿರುತ್ತೀರಿ ಅಂತ ಚಿಕ್ಕಮ್ಮನಿಗೆ ಗದರಿದರಂತೆ. ಪ್ಲಗ್ ಇತ್ತು. ದೀಪ ಉರಿಯುತ್ತಿತ್ತು. ಚಿಕ್ಕಮ್ಮ ನನಗೆ ಫೋನ್ ಮಾಡಿ, "ನೀನೇನೋ ಇಂಥದ್ದೇ ಓದಿದೀಯಲ್ಲಪ್ಪಾ, ಬಂದು ನೋಡು" ಅಂದರು.

ಹೋಗಿ ನೋಡಿದರೆ ಕೋಣೆಯಲ್ಲಿ ಮಂಚ ತಿರುಗಿತ್ತು. ಮಳೆಗೆ ಗೋಡೆ ಒದ್ದೆಯಾಗಿದೆ ಅಂತ ಜಾಗ ಬದಲಾಯಿಸಿದ್ದರು. ಪೆಟ್ಟಿಗೆ ಮಾತ್ರ ಹಳೇ ಜಾಗದಲ್ಲೇ ಇತ್ತು. ಚಿಕ್ಕಪ್ಪ ಎಡ ಮಗ್ಗುಲಾಗಿ ಮಲಗುವವರು. ಪೇಸ್‌ಮೇಕರ್ ಇರುವುದು ಎಡ ಎದೆಯಲ್ಲಿ. ಅದು ಹಾಸಿಗೆಗೆ ಒತ್ತಿಕೊಂಡಿದೆ, ಪೆಟ್ಟಿಗೆ ಬೆನ್ನ ಹಿಂದಿದೆ. ಎರಡರ ನಡುವೆ ಇಡೀ ಚಿಕ್ಕಪ್ಪ! ಪೆಟ್ಟಿಗೆಯನ್ನು ಸ್ಟೂಲ್ ಸಮೇತ ಎತ್ತಿ ಆಚೆ ಮಗ್ಗುಲಿಗೆ ಇಟ್ಟೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಕಾಯಿತು, ಅದಕ್ಕೆ 250 ರೂಪಾಯಿ. ಮರುದಿನ ವರದಿ ತಲುಪಿತು. ಇಷ್ಟು ವರ್ಷ ಆಂಟೆನಾ ಮಾಡಿ ಸಂಬಳ ತಿಂದಿದ್ದೇನೆ. ಚಿಕ್ಕಮ್ಮನ ಕಣ್ಣಿಗೆ ನಾನು ಇಂಜಿನಿಯರ್ ಆದದ್ದು ಸ್ಟೂಲ್ ಎತ್ತಿಟ್ಟ ಆ ರಾತ್ರಿ.

ಬಕೆಟ್ಟಿಗೆ ವಾಪಸ್ ಬರೋಣ. ಅದರಲ್ಲಿ ಇಬ್ಬರು ಕಳ್ಳರಿದ್ದಾರೆ. ಒಬ್ಬ ನೀರು, ಇನ್ನೊಬ್ಬ ಉಪ್ಪು. ನೀರಿನ ಕಣಕ್ಕೆ ಒಂದು ತುದಿ ಸ್ವಲ್ಪ ಪ್ಲಸ್, ಇನ್ನೊಂದು ತುದಿ ಸ್ವಲ್ಪ ಮೈನಸ್. ರೇಡಿಯೋ ಅಲೆ ಬಂದರೆ ಈ ಕಣ ಅದರ ತಾಳಕ್ಕೆ ಹೊರಳಲು ನೋಡುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ನಿಂತಲ್ಲೇ ತಿರುಗಲು ಹೋದರೆ ಅಕ್ಕಪಕ್ಕದವರಿಗೆಲ್ಲ ಮೊಣಕೈ ತಾಗುತ್ತದಲ್ಲ, ಹಾಗೆ. ಆ ತಿಕ್ಕಾಟದಲ್ಲಿ ಅಲೆಯ ಶಕ್ತಿ ಶಾಖವಾಗುತ್ತದೆ. ಉಪ್ಪು ಕರಗಿದಾಗ ಸೋಡಿಯಂ, ಕ್ಲೋರೈಡ್ ಬೇರೆಬೇರೆಯಾಗಿ ಓಡಾಡಿಕೊಂಡಿರುತ್ತವೆ. ಅಲೆ ಅವನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ಅಲ್ಲೂ ಶಕ್ತಿ ಖರ್ಚು. ಹಾಡಾಗಿ ಹೊರಬರಬೇಕಾದದ್ದು ಬಿಸಿಯಾಗಿ ಒಳಗೇ ಉಳಿಯುತ್ತದೆ.

ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಹೀಗೆಯೇ. ಅದರ ಕಂಪನ 2450 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 245 ಕೋಟಿ ಸಲ. ಬ್ಲೂಟೂತ್, ವೈಫೈ ಇರುವುದೂ ಅದರ ಆಸುಪಾಸಿನಲ್ಲೇ. ಹೆದರಬೇಡಿ. ಒಲೆಯದು ನೂರಾರು ವ್ಯಾಟ್, ಕಿವಿಗೆ ಸಿಕ್ಕಿಸಿಕೊಳ್ಳುವುದರದು ಕೆಲವು ಮಿಲಿವ್ಯಾಟ್.

ಮೈಯಲ್ಲಿ ಎಲ್ಲ ಕಡೆ ಒಂದೇ ಸಮ ನೀರಿಲ್ಲ. ಸ್ನಾಯುವಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಕೊಬ್ಬಿನಲ್ಲಿ ತೀರಾ ಕಡಿಮೆ. ಪೇಸ್‌ಮೇಕರುಗಳು ಮಾತಾಡುವ 403 ಮೆಗಾಹರ್ಟ್ಸ್ ಅಲೆಯನ್ನೇ ತೆಗೆದುಕೊಳ್ಳಿ. ಸ್ನಾಯುವಿನಲ್ಲಿ ಸುಮಾರು 5 ಸೆಂಟಿಮೀಟರ್ ಹೋಗುವಷ್ಟರಲ್ಲಿ ಅದರ ಬಲ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕೊಬ್ಬಿನಲ್ಲಿ ಅಷ್ಟೇ ಇಳಿಯಲು 30 ಸೆಂಟಿಮೀಟರ್ ಬೇಕು. ಬ್ಲೂಟೂತ್ ಅಲೆಗೆ ಸ್ನಾಯುವಿನಲ್ಲಿ ಎರಡು ಸೆಂಟಿಮೀಟರ್ ಚಿಲ್ಲರೆ ಸಾಕು. ಹಾಗಂತ ದಪ್ಪಗಿರುವವರಿಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಅಂತ ತಿಳಿಯಬೇಡಿ. ಸ್ನಾಯು, ಕೊಬ್ಬು, ಚರ್ಮ, ಗಾಳಿ, ಹೀಗೆ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಅಲೆ ಒಂದಿಷ್ಟು ವಾಪಸ್ ಹೊಡೆಯುತ್ತದೆ. ಸ್ನಾಯುವಿನಿಂದ ನೇರ ಗಾಳಿಗೆ ಹಾರಲು ಹೋದರೆ ಅರ್ಧಕ್ಕಿಂತ ಜಾಸ್ತಿ ಒಳಕ್ಕೇ ಮರಳುತ್ತದೆ. ಇಷ್ಟೆಲ್ಲ ಕಳೆದು, ಒಳಗಿನ ಪುಟ್ಟ ಆಂಟೆನಾಗೆ ಕೊಟ್ಟ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಹೊರಬಂದರೆ ನಮ್ಮ ಪುಣ್ಯ.

ಒಂದು ಉಪಕಾರವೂ ಇದೆ. 403 ಮೆಗಾಹರ್ಟ್ಸ್ ಅಲೆ ಗಾಳಿಯಲ್ಲಿ 74 ಸೆಂಟಿಮೀಟರ್ ಉದ್ದ. ಸ್ನಾಯುವಿನೊಳಗೆ ಅದೇ ಅಲೆ 10 ಸೆಂಟಿಮೀಟರಿಗಿಂತ ಕಡಿಮೆ ಆಗುತ್ತದೆ. ಅಲೆ ಕುಗ್ಗಿದರೆ ಆಂಟೆನಾವನ್ನೂ ಚಿಕ್ಕದು ಮಾಡಬಹುದು. ಆದರೆ ಶ್ರುತಿ ಕೈಕೊಡುತ್ತದೆ. ಗಾಳಿಯಲ್ಲಿ ಚೆನ್ನಾಗಿ ಶ್ರುತಿ ಮಾಡಿದ ಆಂಟೆನಾ ಮಾಂಸದೊಳಗೆ ಹೋದ ಕೂಡಲೇ ಅಪಶ್ರುತಿ. ಒಳಗಿನ ಸ್ಥಿತಿಗೆ ತಕ್ಕಂತೆಯೇ ಶ್ರುತಿ ಮಾಡಬೇಕು. ಆ ಒಳಗೂ ನಿಂತಲ್ಲಿ ನಿಲ್ಲುವುದಿಲ್ಲ. ಹೊರಗಿನ ವಸ್ತು ಬಂತೆಂದು ಮೈ ಕೆಲವು ವಾರಗಳಲ್ಲಿ ಅದರ ಸುತ್ತ ನಾರಿನ ಚೀಲ ಕಟ್ಟುತ್ತದೆ. ಮನುಷ್ಯ ಮೈ ಇಳಿಸುತ್ತಾನೆ, ಮತ್ತೆ ಬರಿಸಿಕೊಳ್ಳುತ್ತಾನೆ. ಹಾಗಾಗಿ ನಾವು ಶ್ರುತಿಯನ್ನು ಸ್ವಲ್ಪ ಸಡಿಲವಾಗಿಯೇ ಬಿಡುತ್ತೇವೆ. ಕಟ್ಟುನಿಟ್ಟಾಗಿ ಒಂದೇ ಬಿಂದುವಿಗೆ ಕೂರಿಸಿದರೆ ರೋಗಿ ಊಟ ಮಾಡಿ ಎದ್ದರೂ ಸಿಗ್ನಲ್ ಹೋಗುತ್ತದೆ ಅಂತ ನಮ್ಮಲ್ಲೊಂದು ತಮಾಷೆ.

ಇದನ್ನೆಲ್ಲ ಮನುಷ್ಯರ ಮೇಲೆ ಪರೀಕ್ಷಿಸಲು ಆಗುವುದಿಲ್ಲವಲ್ಲ. ಲ್ಯಾಬಿನಲ್ಲಿ ಏನು ಮಾಡುತ್ತೇವೆ ಗೊತ್ತಾ? ನೀರಿಗೆ ಸಕ್ಕರೆ, ಉಪ್ಪು ಹಾಕಿ ಕಲಸುತ್ತೇವೆ. ಭೇದಿಯಾದಾಗ ಕುಡಿಸುವ ಓಆರ್‌ಎಸ್ ನೆನಪಾಯಿತಲ್ಲ? ಅದೇ ಸಾಮಾನು, ಅಳತೆ ಬೇರೆ. ನಮ್ಮದರಲ್ಲಿ ಸಕ್ಕರೆ ಪಾಕದ ಹಾಗೆ ಜಾಸ್ತಿ. ಉಪ್ಪು ಹೆಚ್ಚಿಸಿದರೆ ಅಲೆಯನ್ನು ನುಂಗುವ ಗುಣ ಏರುತ್ತದೆ. ಸಕ್ಕರೆ ಹೆಚ್ಚಿಸಿದರೆ ಅಲೆ ಕುಗ್ಗುವ ಗುಣ ಇಳಿಯುತ್ತದೆ. ಎರಡನ್ನೂ ಹದ ಮಾಡುತ್ತ ಹೋದರೆ ರೇಡಿಯೋ ಕಣ್ಣಿಗೆ ಅದು ಸ್ನಾಯುವೇ. ಅಮೆರಿಕದ ಸಂವಹನ ಆಯೋಗದ ನಿಯಮದಲ್ಲಿ ಇಂಥ ಕೃತಕ ಮನುಷ್ಯನಿಗೆ ಅಳತೆಯೂ ಇದೆ. 30 ಸೆಂಟಿಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಡ್ರಮ್ಮು. ಒಳಗೆ ಸ್ನಾಯುವಿನಂಥ ದ್ರವ. ಪಕ್ಕದ ಗೋಡೆಯಿಂದ 6 ಸೆಂಟಿಮೀಟರ್ ಒಳಗೆ ಇಂಪ್ಲಾಂಟ್, ಅಂದರೆ ಮೈಯೊಳಗೆ ಹುದುಗಿಸುವ ಯಂತ್ರ. ನಮ್ಮ ಡ್ರಮ್ಮಿಗೆ ಇರುವೆ ಮುತ್ತದಂತೆ ಕಾಯುವುದೇ ಒಂದು ಕೆಲಸವಾಗಿತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1958ರ ಅಕ್ಟೋಬರ್ 8, ಸ್ವೀಡನ್. ಮೈಯೊಳಗೆ ಪೂರ್ತಿ ಹುದುಗಿಸಿದ ಮೊದಲ ಪೇಸ್‌ಮೇಕರ್ ಅವತ್ತು ಆರ್ನೆ ಲಾರ್ಸನ್ ಎಂಬವರಿಗೆ ಹಾಕಿದರು. ಸರ್ಜನ್ ಓಕೆ ಸೆನ್ನಿಂಗ್, ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ಲಾರ್ಸನ್ ಅವರ ಹೆಂಡತಿ ಎಲ್ಸೆ ಮರೀ ಇವರಿಬ್ಬರ ಬೆನ್ನು ಬಿಡದೆ ಮಾಡಿಸಿದ ಕೆಲಸ ಅದು. ಎಲ್ಮ್‌ಕ್ವಿಸ್ಟ್ ಆ ಯಂತ್ರವನ್ನು ಅಂಟಿನಂಥ ಎಪಾಕ್ಸಿಯಲ್ಲಿ ಎರಕ ಹೊಯ್ದರು. ಅಚ್ಚು ಯಾವುದು ಅಂದರೆ ಶೂ ಪಾಲಿಶ್ ಡಬ್ಬಿ! ಅದು ಕೆಲವೇ ಗಂಟೆ ನಡೆಯಿತು, ಇನ್ನೊಂದು ಹಾಕಬೇಕಾಯಿತು. ನನಗೆ ಅದರಲ್ಲಿ ಇಷ್ಟವಾಗುವುದು ಬೇರೆಯೇ ಸಂಗತಿ. ಅದರ ಬ್ಯಾಟರಿಯನ್ನು ಚರ್ಮದ ಹೊರಗಿನಿಂದ ಕಾಯಿಲ್, ಅಂದರೆ ತಂತಿಯ ಸುರುಳಿ ಹಿಡಿದು ಚಾರ್ಜ್ ಮಾಡುತ್ತಿದ್ದರು. ಇವತ್ತು ಮೊಬೈಲ್ ಅಂಗಡಿಯಲ್ಲಿ ವೈರ್‌ಲೆಸ್ ಚಾರ್ಜರ್ ಹೊಸದು ಅಂತ ಮಾರುತ್ತಾರೆ. ಮೈಯೊಳಗೆ ಹುದುಗಿಸಿದ ಮೊದಲ ಪೇಸ್‌ಮೇಕರಿಗೇ ಅದಿತ್ತು. ಲಾರ್ಸನ್ ಒಟ್ಟು 26 ಪೇಸ್‌ಮೇಕರ್ ಬದಲಾಯಿಸಿಕೊಂಡು, ಆ ಸರ್ಜನ್ನು, ಆ ಇಂಜಿನಿಯರು ಇಬ್ಬರಿಗಿಂತಲೂ ಹೆಚ್ಚು ದಿನ ಬದುಕಿದರು. 2001ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಾಯಿಲ್ ಯಾಕೆ ಕೆಲಸ ಮಾಡಿತು? ಕಂಪನ ಕಡಿಮೆ ಇದ್ದರೆ ಉಪ್ಪುನೀರು ಅಷ್ಟು ನುಂಗುವುದಿಲ್ಲ. ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ನಮ್ಮ ನೌಕಾಪಡೆ ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಕೇಂದ್ರ ಇಟ್ಟುಕೊಂಡಿದೆ. ಅಲ್ಲಿನ ಅಲೆಗಳು ಕಿಲೋಹರ್ಟ್ಸ್ ಲೆಕ್ಕದವು, ಸೆಕೆಂಡಿಗೆ ಬರೀ ಸಾವಿರಗಳ ಲೆಕ್ಕದ ಕಂಪನ. ಸಮುದ್ರದೊಳಗೆ ಕೆಲವು ಮೀಟರ್ ಇಳಿಯುವ ತಾಕತ್ತು ಅವಕ್ಕಿದೆ. ಪೇಸ್‌ಮೇಕರ್ ಕ್ಲಿನಿಕ್ಕಿನಲ್ಲೂ ಅದೇ ಉಪಾಯ. ಎದೆ ಮೇಲೆ ಇಸ್ತ್ರಿಪೆಟ್ಟಿಗೆಯಷ್ಟು ದಪ್ಪದ ಒಂದು ತಲೆ ಇಟ್ಟು ಕಂಪ್ಯೂಟರಿನಲ್ಲಿ ನೋಡುತ್ತಾರಲ್ಲ, ಅದು ಬಹಳ ಕಾಲ ನೂರಿನ್ನೂರು ಕಿಲೋಹರ್ಟ್ಸ್ ಮಟ್ಟದಲ್ಲೇ ಮಾತಾಡುತ್ತಿತ್ತು. ಮಾಂಸವನ್ನೂ ದಾಟುತ್ತದೆ, ಪೇಸ್‌ಮೇಕರಿನ ಟೈಟಾನಿಯಂ ಡಬ್ಬಿಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. ತೊಂದರೆ ಎರಡು. ಮಾತು ತೀರಾ ನಿಧಾನ. ಮತ್ತೆ, ನಾಲ್ಕು ಬೆರಳು ದೂರ ಸರಿದರೆ ಮುಗಿಯಿತು.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಇವತ್ತಿಗೂ ಕಾಯಿಲ್ ನಂಬಿಕೊಂಡೇ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್ ಕಡೆ ಹೋದವರು ನೋಡಿರುತ್ತೀರಿ, ಕಿವಿಯ ಹಿಂದೆ ತಲೆಗೆ ಅಂಟಿಕೊಂಡ ಕೋಟಿನ ಗುಂಡಿಯಂಥದ್ದು. ಒಳಗೊಂದು ಕಾಯಿಲ್, ಹೊರಗೊಂದು, ನಡುವೆ ತಲೆಯ ಚರ್ಮ. ಎರಡನ್ನೂ ಅಯಸ್ಕಾಂತ ಹಿಡಿದಿಡುತ್ತದೆ. ಚರ್ಮ ಕೆಲವೇ ಮಿಲಿಮೀಟರ್ ಇದ್ದರೆ ಸರಿ. ದಪ್ಪ ಜಾಸ್ತಿಯಾದರೆ ಶಕ್ತಿಯೂ ಸರಿಯಾಗಿ ದಾಟದು, ಗುಂಡಿಯೂ ಉದುರುತ್ತಿರುತ್ತದೆ. ಅಯಸ್ಕಾಂತ ಜೋರು ಮಾಡಿದರೆ ಚರ್ಮ ಕೆಂಪಾಗಿ ಹುಣ್ಣು. ಎಷ್ಟು ನಂಬರಿನ ಅಯಸ್ಕಾಂತ ಅನ್ನುವುದು ಆ ತಾಯಂದಿರಿಗೆ ಕನ್ನಡಕದ ನಂಬರಿನಷ್ಟೇ ರೂಢಿ.

ಪೇಸ್‌ಮೇಕರಿಗೆ ದೂರದಿಂದ ಮಾತಾಡುವ ರೇಡಿಯೋ ಬೇಕು ಎಂದಾಗ 402ರಿಂದ 405 ಮೆಗಾಹರ್ಟ್ಸ್ ನಡುವಿನ ಪಟ್ಟಿ ಆರಿಸಿದರು. ಅಮೆರಿಕ 1999ರಲ್ಲಿ ಬಿಟ್ಟುಕೊಟ್ಟಿತು. ನಮ್ಮಲ್ಲೂ ಇಂಪ್ಲಾಂಟುಗಳಿಗೆ ಇಲ್ಲಿ ಲೈಸೆನ್ಸ್ ಬೇಕಿಲ್ಲ. ಇದಕ್ಕಿಂತ ಕೆಳಗೆ ಹೋದರೆ ಆಂಟೆನಾ ದೊಡ್ಡದಾಗುತ್ತದೆ, ಮೇಲೆ ಹೋದರೆ ಮಾಂಸ ನುಂಗುತ್ತದೆ. ಜೊತೆಗೆ ಆ ಪಟ್ಟಿಯಲ್ಲಿ ಗಲಾಟೆ ಕಡಿಮೆ. ಅಲ್ಲಿ ಮೊದಲಿನಿಂದ ಇದ್ದವರು ಹವಾಮಾನ ಇಲಾಖೆಯವರು. ಮುಗಿಲಿಗೆ ಬಲೂನ್ ಬಿಡುತ್ತಾರಲ್ಲ, ಅದಕ್ಕೆ ಕಟ್ಟಿದ ಯಂತ್ರ ಮಾತಾಡುವುದು ಇದೇ ಆಸುಪಾಸಿನಲ್ಲಿ. ಮೇಲೆ ಮೋಡದ ಸುದ್ದಿ, ಕೆಳಗೆ ಎದೆಯ ಸುದ್ದಿ. ಒಂದಕ್ಕೊಂದು ಅಡ್ಡ ಬರದಂತೆ ಹೊರಗಿನ ಪೆಟ್ಟಿಗೆ ಮಾತಾಡುವ ಮುಂಚೆ ಕಿವಿಗೊಟ್ಟು ಕೇಳಬೇಕು. ಖಾಲಿ ಇರುವ ಚಾನೆಲ್ಲನ್ನೇ ಹಿಡಿಯಬೇಕು.

ಶಕ್ತಿ ಎಷ್ಟು? ಮೈಯಿಂದ ಹೊರಬರುವುದು 25 ಮೈಕ್ರೋವ್ಯಾಟ್ ಮೀರುವಂತಿಲ್ಲ. ಒಂದು ವ್ಯಾಟನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ 25 ಪಾಲು. ಅದಕ್ಕೇ ಚಿಕ್ಕಪ್ಪ ಮಗ್ಗುಲು ಬದಲಾಯಿಸಿದರೆ ವರದಿ ತಪ್ಪುವುದು.

ಜೋರಾಗಿ ಕಿರುಚಿಸಬಾರದೇ ಅಂದರೆ ಬ್ಯಾಟರಿ ಎಲ್ಲಿದೆ? ಒಂದು ಆಂಪಿಯರ್-ಗಂಟೆಯ ಬ್ಯಾಟರಿ ಅಂತ ಇಟ್ಟುಕೊಳ್ಳಿ. 10 ವರ್ಷ ಬರಬೇಕು. ವರ್ಷಕ್ಕೆ 8760 ಗಂಟೆ. ಭಾಗಿಸಿದರೆ ಸರಾಸರಿ 11 ಮೈಕ್ರೋಆಂಪಿಯರ್ ಮಾತ್ರ ಖರ್ಚು ಮಾಡಬಹುದು. ಎದೆಬಡಿತದ ಕೆಲಸವೂ ಅದರಲ್ಲೇ ಆಗಬೇಕು. ರೇಡಿಯೋ ಬಾಯಿ ತೆರೆದರೆ ಸಾಕು, ಇದರ ನೂರಾರು ಪಟ್ಟು ಎಳೆಯುತ್ತದೆ. ಹಾಗಾಗಿ ಅದು ಹೆಚ್ಚುಕಮ್ಮಿ ಯಾವಾಗಲೂ ನಿದ್ದೆಯಲ್ಲಿರುತ್ತದೆ. ಆಗಾಗ ಅರ್ಧ ಕಣ್ಣು ತೆರೆದು ಯಾರಾದರೂ ಕರೆಯುತ್ತಿದ್ದಾರಾ ನೋಡಿ ಮತ್ತೆ ಮಲಗುತ್ತದೆ.

ನುಂಗುವ ಕ್ಯಾಮೆರಾ ಬಗ್ಗೆ ಒಂದೇ ಮಾತು. ಕರುಳು ನೋಡಲು ಮಾತ್ರೆಯಂಥ ಕ್ಯಾಮೆರಾ ನುಂಗಿಸುತ್ತಾರೆ. 26 ಮಿಲಿಮೀಟರ್ ಉದ್ದ. ಇಸ್ರೇಲಿನಲ್ಲಿ ಕ್ಷಿಪಣಿಗಳಿಗೆ ಕ್ಯಾಮೆರಾ ಮಾಡುತ್ತಿದ್ದ ಗಾವ್ರಿಯೆಲ್ ಇದ್ದಾನ್ ಅವರ ಯೋಚನೆ ಅದು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಅದು ಹೊರಳುತ್ತ ಹೋಗುವುದರಿಂದ ಆಂಟೆನಾ ಯಾವ ಕಡೆ ಮುಖ ಮಾಡಿದೆ ಅಂತ ಹೇಳಲಾಗದು. ಅದಕ್ಕೆ ಹೊಟ್ಟೆ ಸುತ್ತ ಹಲವು ಸೆನ್ಸರ್ ಅಂಟಿಸುತ್ತಾರೆ. ಯಾವುದಕ್ಕೆ ಸಿಗ್ನಲ್ ಜೋರಾಗಿ ಸಿಕ್ಕಿತು ಎಂಬುದರಿಂದ ಮಾತ್ರೆ ಎಲ್ಲಿದೆ ಅನ್ನುವುದೂ ಅಂದಾಜಾಗುತ್ತದೆ. ಮಾಂಸ ಸಿಗ್ನಲ್ ನುಂಗುವುದೇ ಇಲ್ಲಿ ವಿಳಾಸ ಹೇಳುತ್ತದೆ.

ಇನ್ನು ಸುರಕ್ಷತೆ. ಇಲ್ಲಿ ನನಗೊಂದು ತಕರಾರಿದೆ. ಪೇಸ್‌ಮೇಕರಿನ ರೇಡಿಯೋದಿಂದ ಏನಾದರೂ ಆಗುತ್ತದಾ ಅಂತ ಜನ ಹೆದರುತ್ತಾರೆ. ಸುಮ್ಮನೆ ಕೂತ ಮನುಷ್ಯನ ಮೈ ತಾನೇ 100 ವ್ಯಾಟ್ ಹತ್ತಿರ ಶಾಖ ಬಿಡುತ್ತಿರುತ್ತದೆ. ಅದರ ಮುಂದೆ 25 ಮೈಕ್ರೋವ್ಯಾಟ್ ಎಲ್ಲಿ ಲೆಕ್ಕ? ಹೆದರಬೇಕಾದ ಕಡೆ ನಾವು ಹೆದರುವುದಿಲ್ಲ. ಆ ಕಡೆಗಳು ಮೂರು: ಉದ್ದ ತಂತಿ, ಕಾಯಿಲ್ಲಿನ ಬಿಸಿ, ಅಯಸ್ಕಾಂತ.

ಬಿಸಿ ಬೇಗ ಮುಗಿಸುತ್ತೇನೆ. ಇಂಪ್ಲಾಂಟಿನ ಮೈ ಸುತ್ತಲಿನ ದೇಹಕ್ಕಿಂತ 2 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಬೆನ್ನುಹುರಿಗೆ, ಮಿದುಳಿಗೆ ಹಾಕುವ ಕೆಲವು ಯಂತ್ರಗಳನ್ನು ಚರ್ಮದ ಮೇಲಿಂದ ಚಾರ್ಜ್ ಮಾಡುತ್ತಾರೆ. ಆಗ ಡಬ್ಬಿ ಬಿಸಿಯಾಗುತ್ತದೆ. ಲಾರಿಯ ರೇಡಿಯೇಟರ್ ನೀರಿನ ಹಾಗೆ ರಕ್ತ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ರಕ್ತ ಕಡಿಮೆ ಹರಿಯುವ ಜಾಗದಲ್ಲಿ ಅದು ಅಲ್ಲೇ ಕೂರುತ್ತದೆ. ಅದಕ್ಕೇ ನಿಧಾನವಾಗಿ ಚಾರ್ಜ್ ಮಾಡಿ ಅನ್ನುವುದು.

ತಂತಿಯ ವಿಷಯ ದೊಡ್ಡದು. ಪೇಸ್‌ಮೇಕರ್ ಡಬ್ಬಿಯಿಂದ ಹೃದಯದವರೆಗೆ ಸುಮಾರು ಅರ್ಧ ಮೀಟರ್ ಉದ್ದದ ತಂತಿ ಹೋಗುತ್ತದೆ. ಲೀಡ್ ಅನ್ನುತ್ತಾರೆ. ನಮಗೆ ಅದು ತಂತಿ, ರೇಡಿಯೋ ಅಲೆಗೆ ಅದೇ ಆಂಟೆನಾ. ಎಂಆರ್‌ಐ ಯಂತ್ರದಲ್ಲಿ ದೊಡ್ಡ ಅಯಸ್ಕಾಂತದ ಜೊತೆಗೆ ಬಲವಾದ ರೇಡಿಯೋ ಅಲೆಯೂ ಇರುತ್ತದೆ. ಒಂದೂವರೆ ಟೆಸ್ಲಾ (ಇದು ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ 64 ಮೆಗಾಹರ್ಟ್ಸ್. ಗಾಳಿಯಲ್ಲಿ ಆ ಅಲೆ ನಾಲ್ಕೂವರೆ ಮೀಟರಿಗಿಂತ ಉದ್ದ. ಮೈಯೊಳಗೆ ಕುಗ್ಗಿ ಅರ್ಧ ಮೀಟರಿನ ಆಸುಪಾಸಿಗೆ ಬರುತ್ತದೆ. ಅಂದರೆ ಲೀಡಿನ ಉದ್ದಕ್ಕೆ ಹೊಂದಿಕೊಳ್ಳುತ್ತದೆ! ತಂತಿ ಉದ್ದಕ್ಕೂ ಅಲೆ ಹಿಡಿದು, ಎಲ್ಲವನ್ನೂ ಬರಿದಾದ ತುದಿಯಲ್ಲಿ ಸುರಿಯುತ್ತದೆ. ಆ ತುದಿ ಚುಚ್ಚಿಕೊಂಡಿರುವುದು ಹೃದಯದ ಸ್ನಾಯುವಿನಲ್ಲಿ. ಅದಕ್ಕೇ ಎಷ್ಟೋ ವರ್ಷ ಪೇಸ್‌ಮೇಕರ್ ಇದ್ದವರಿಗೆ ಎಂಆರ್‌ಐ ಇಲ್ಲ ಅಂದುಬಿಡುತ್ತಿದ್ದರು. ಎಂಆರ್‌ಐಗೆ ಹೊಂದುವಂತೆ ಮಾಡಿದ ಪೇಸ್‌ಮೇಕರಿಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದೂ ಷರತ್ತಿನ ಮೇಲೆ. ಡಬ್ಬಿಯೂ ಲೀಡೂ ಎರಡೂ ಆ ಬಗೆಯದ್ದೇ ಆಗಿರಬೇಕು. ನಿಮಗೆ ಕೊಟ್ಟ ಪೇಸ್‌ಮೇಕರ್ ಕಾರ್ಡನ್ನು ಬೀರುವಿನಲ್ಲಿ ಇಡಬೇಡಿ. ಪರ್ಸಿನಲ್ಲಿ ಇಟ್ಟುಕೊಳ್ಳಿ.

ಎಂಆರ್‌ಐ ಕೋಣೆಯಲ್ಲಾದರೂ ಹತ್ತು ಸಲ ಕೇಳುತ್ತಾರೆ. ನನಗೆ ಹೆಚ್ಚು ಭಯ ಮಂಡಿನೋವಿನದ್ದು. ಫಿಸಿಯೋಥೆರಪಿಯಲ್ಲಿ "ಶಾಖ ಕೊಡ್ತಾರೆ" ಅಂತ ಹೋಗುತ್ತೀರಲ್ಲ, ಅದರಲ್ಲಿ ಶಾರ್ಟ್ ವೇವ್ ಡಯಾಥರ್ಮಿ ಅಂತ ಒಂದಿದೆ. 27 ಮೆಗಾಹರ್ಟ್ಸ್ ರೇಡಿಯೋ ಅಲೆಯಿಂದಲೇ ಒಳಗಿನ ಮಾಂಸ ಬಿಸಿ ಮಾಡುವುದು. ಮಿದುಳಿನಲ್ಲಿ ಲೀಡ್ ಹಾಕಿಸಿಕೊಂಡಿದ್ದ ರೋಗಿಗಳಿಗೆ ಇಂಥ ಡಯಾಥರ್ಮಿ ಕೊಟ್ಟು, ಲೀಡಿನ ತುದಿ ಸುಟ್ಟು, ಜೀವವೇ ಹೋದದ್ದಿದೆ. ಔಷಧ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಅಮೆರಿಕದ ಎಫ್‌ಡಿಎ 2002ರಲ್ಲಿ ಎಚ್ಚರಿಕೆ ಹೊರಡಿಸಿತು. ಮೈಯಲ್ಲಿ ಲೋಹದ ಲೀಡ್ ಇರುವವರಿಗೆ ಮೈಯ ಯಾವ ಭಾಗಕ್ಕೂ ಇದನ್ನು ಕೊಡಬಾರದು. ಯಂತ್ರ ಆಫ್ ಮಾಡಿದ್ದರೂ ಬೇಡ. ಯಂತ್ರ ತೆಗೆದು ಬರೀ ಲೀಡ್ ಉಳಿದಿದ್ದರೂ ಬೇಡ. ಮಂಡಿಗೆ ತಾನೇ, ಎದೆ ದೂರ ಇದೆಯಲ್ಲ ಅಂತ ಸುಮ್ಮನಿರಬೇಡಿ. ಮಂಚ ಹತ್ತುವ ಮೊದಲೇ ಹೇಳಿ. ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಅದಕ್ಕೇನೂ ತಕರಾರಿಲ್ಲ.

ಅಯಸ್ಕಾಂತ. ಮಾಂಸ ರೇಡಿಯೋವನ್ನು ನುಂಗಿದ ಹಾಗೆ ಅಯಸ್ಕಾಂತದ ಬಲವನ್ನು ನುಂಗುವುದಿಲ್ಲ. ಅದಕ್ಕೆ ನಾವು ಇಲ್ಲವೇ ಇಲ್ಲ ಅನ್ನುವಷ್ಟು ಸಲೀಸು. ಇದನ್ನೇ ಬಳಸಿಕೊಂಡು ಪೇಸ್‌ಮೇಕರಿನೊಳಗೆ ಒಂದು ಸ್ವಿಚ್ ಇಟ್ಟಿದ್ದಾರೆ. ಡಾಕ್ಟರು ಉಂಗುರದಂಥ ಅಯಸ್ಕಾಂತ ಎದೆ ಮೇಲಿಟ್ಟರೆ ಪೇಸ್‌ಮೇಕರ್ ಒಂದೇ ಗತಿಯಲ್ಲಿ ಬಡಿಯಲು ಶುರುಮಾಡುತ್ತದೆ. ಹೃದಯದ ಲಯ ಅಪಾಯಕ್ಕೆ ತಿರುಗಿದಾಗ ಶಾಕ್ ಕೊಡುವ ಐಸಿಡಿ ಯಂತ್ರವಾದರೆ ಶಾಕ್ ಕೊಡುವುದನ್ನು ನಿಲ್ಲಿಸುತ್ತದೆ. 10 ಗಾಸ್ ಬಲ ಸಾಕು. ಡಾಕ್ಟರ ಅಯಸ್ಕಾಂತ ಯಾವುದು, ಮೊಬೈಲಿನದು ಯಾವುದು ಅಂತ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ. 2021ರಲ್ಲಿ ಅಮೆರಿಕದ ಡೆಟ್ರಾಯಿಟಿನ ವೈದ್ಯರು ಐಫೋನ್ 12 ಅನ್ನು ಐಸಿಡಿ ಇದ್ದವರ ಎದೆ ಹತ್ತಿರ ಹಿಡಿದಾಗ ಐಸಿಡಿ ಕೆಲಸ ನಿಲ್ಲಿಸಿತು. ಆ ಫೋನಿನ ಹಿಂಬದಿ ಚಾರ್ಜರ್ ಕಚ್ಚಿಕೊಳ್ಳಲು ಅಯಸ್ಕಾಂತದ ಉಂಗುರ ಇದೆ. 15 ಸೆಂಟಿಮೀಟರ್ ದೂರ ಇಡಿ ಅಂತ ಕಂಪನಿಯೇ ಹೇಳುತ್ತದೆ. ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30.

ಈಗ ಗಂಡಸರೆಲ್ಲ ಒಮ್ಮೆ ನಿಮ್ಮ ಅಂಗಿ ಜೇಬು ನೋಡಿಕೊಳ್ಳಿ. ಜೇಬು ಎಡಕ್ಕೆ, ಪೇಸ್‌ಮೇಕರೂ ಸಾಮಾನ್ಯವಾಗಿ ಎಡಕ್ಕೆ, ಮೊಬೈಲು ಸರಿಯಾಗಿ ಅದರ ಮೇಲೆ. ಹೆಂಗಸರಲ್ಲಿ ಕೆಲವರು ಮೊಬೈಲನ್ನು ರವಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತೀರಿ. ನಗಬೇಡಿ, ನಮ್ಮಮ್ಮನೂ ಹಾಗೇ. ಅಲ್ಲಿಂದ ಯಂತ್ರಕ್ಕೆ ಒಂದೇ ಬೆರಳಿನ ದೂರ. ಸೊಂಟಕ್ಕೋ ಚೀಲಕ್ಕೋ ಸಾಗಿಸಿ. ಇಂಡಕ್ಷನ್ ಒಲೆಯಿಂದ ಎದೆ ಎರಡಡಿ ದೂರ ಇರಲಿ. ಒಲೆ ಮೇಲೆ ಬಗ್ಗಿ ಪಾತ್ರೆಯ ತಳ ನೋಡುವ ಅಭ್ಯಾಸ ಬಿಡಿ.

ಹ್ಯಾಕಿಂಗ್ ಬಗ್ಗೆ ಚೀಟಿಯಲ್ಲಿ ಕೇಳಿದ್ದೀರಿ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಐಸಿಡಿ ಬೀಗವಿಲ್ಲದೆ ಮಾತಾಡುತ್ತಿದೆ, ಹತ್ತಿರದಿಂದ ಅದರ ಮಾತು ಕದ್ದು ಕೇಳಬಹುದು, ಅದಕ್ಕೆ ಆಜ್ಞೆಯನ್ನೂ ಕೊಡಬಹುದು ಅಂತ ತೋರಿಸಿದರು. ಅಲ್ಲಿನ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ತಮ್ಮ ಯಂತ್ರದ ವೈರ್‌ಲೆಸ್ಸನ್ನೇ 2007ರಲ್ಲಿ ಆಫ್ ಮಾಡಿಸಿದ್ದರು. ನೀವು, ನಾನು ಉಪಾಧ್ಯಕ್ಷರಲ್ಲ. ಆಸ್ಪತ್ರೆಯವರು ಸಾಫ್ಟ್‌ವೇರ್ ಅಪ್‌ಡೇಟಿಗೆ ಕರೆದರೆ ಹೋಗಿ ಬನ್ನಿ, ಅಷ್ಟು ಸಾಕು.

ಕೊನೆಗೆ ನನಗೆ ತುಂಬಾ ಇಷ್ಟವಾದ ಭಾಗ. ಇಸಿಜಿ ತೆಗೆಯುವಾಗ ಕೈಕಾಲಿಗೆ ಕ್ಲಿಪ್ ಹಾಕುತ್ತಾರಲ್ಲ. ಹೃದಯ ಇರುವುದು ಎದೆಯಲ್ಲಿ, ಅದರ ಸುದ್ದಿ ಪಾದದಲ್ಲಿ ಹೇಗೆ ಸಿಗುತ್ತದೆ? ಉಪ್ಪುನೀರು ಕರೆಂಟನ್ನು ಸಾಗಿಸುತ್ತದೆ, ಅದಕ್ಕೆ. 1887ರಲ್ಲಿ ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಇದನ್ನು ಮನುಷ್ಯರಲ್ಲಿ ಮೊದಲು ದಾಖಲಿಸಿದರು. ಅವರ ಬಳಿ ಜಿಮ್ಮಿ ಅನ್ನುವ ಬುಲ್‌ಡಾಗ್ ಇತ್ತು. ಉಪ್ಪುನೀರಿನ ಪಾತ್ರೆಗಳಲ್ಲಿ ಅದರ ಕಾಲು ಇರಿಸಿ ಎದೆಬಡಿತ ತೋರಿಸುತ್ತಿದ್ದರು. 1909ರಲ್ಲಿ ಇದು ಪ್ರಾಣಿಹಿಂಸೆ ಅಂತ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆಯೇ ಬಂತು. ಪಾತ್ರೆಯಲ್ಲಿರುವುದು ಅಡುಗೆ ಉಪ್ಪು ಬೆರೆಸಿದ ನೀರು, ಸಮುದ್ರದಲ್ಲಿ ಕಾಲಾಡಿಸಿದವರಿಗೆ ಅದು ಹೇಗಿರುತ್ತದೆಂದು ಗೊತ್ತಿರುತ್ತದೆ ಅಂತ ಮಂತ್ರಿ ಉತ್ತರ ಕೊಟ್ಟರು.

ಆ ಜಿಮ್ಮಿಯ ಉಪಾಯ ಈಗ ಹೃದಯದೊಳಗೇ ಬಂದಿದೆ. ಲೀಡೇ ಇಲ್ಲದ, ಮಾತ್ರೆಯಷ್ಟು ಚಿಕ್ಕ ಪೇಸ್‌ಮೇಕರುಗಳಿವೆ. ಹೃದಯದ ಮೇಲಿನ ಕೋಣೆಗೊಂದು, ಕೆಳಗಿನ ಕೋಣೆಗೊಂದು ಹಾಕಬೇಕೆಂದರೆ ಪ್ರತಿ ಬಡಿತಕ್ಕೂ ಎರಡೂ ಮಾತಾಡಿಕೊಳ್ಳಬೇಕು. ರೇಡಿಯೋ ಇಟ್ಟರೆ ಬ್ಯಾಟರಿ ಬರುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಂಥ ಜೋಡಿಯೊಂದು ರೇಡಿಯೋವನ್ನೇ ಕೈಬಿಟ್ಟಿತು. ಹೃದಯಕ್ಕೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಮಿಡಿತಗಳನ್ನು ಒಂದು ಬಿಡುತ್ತದೆ, ಅದು ರಕ್ತ ಮತ್ತು ಸ್ನಾಯುವಿನ ಮೂಲಕ ಹರಿದು ಇನ್ನೊಂದಕ್ಕೆ ತಲುಪುತ್ತದೆ. ನನ್ನ ಹಾಡು ನಿಲ್ಲಿಸಿದ ಅದೇ ಉಪ್ಪುನೀರು ಅಲ್ಲಿ ತಂತಿ. ಸ್ವೀಡನ್ನಿನ ಉಪ್ಸಾಲಾದಲ್ಲಿ ಕೇರಳ ಮೂಲದ ರಾಬಿನ್ ಅಗಸ್ಟಿನ್ ಅವರ ತಂಡ ಇನ್ನೊಂದು ದಾರಿ ಹಿಡಿದಿದೆ. ಚರ್ಮ ಮತ್ತು ಸ್ನಾಯುವಿನ ನಡುವಿನ ಕೊಬ್ಬಿನ ಪದರವನ್ನೇ ಕಾಲುವೆ ಮಾಡಿಕೊಂಡು ಮೈಕ್ರೋವೇವ್ ಸಿಗ್ನಲ್ ಹರಿಸುವುದು. ಹೊಟ್ಟೆ ಇದ್ದವರು ಖುಷಿಪಡಬಹುದು.

ಪ್ರಶ್ನೆಗಳಲ್ಲಿ ಮೊಬೈಲ್ ಟವರಿನದ್ದೇ ಜಾಸ್ತಿ ಬಂದವು. ಬೀದಿಯಾಚೆಯ ಟವರಿನಿಂದ ನಿಮಗೆ ತಲುಪುವುದು ಕಡಿಮೆ, ಅದರಲ್ಲೂ ಬಹುಪಾಲು ಮೊದಲ ಒಂದೆರಡು ಸೆಂಟಿಮೀಟರಿನಲ್ಲೇ ಮುಗಿಯುತ್ತದೆ, ಪೇಸ್‌ಮೇಕರಿಗೆ ಲೋಹದ ಕವಚವೂ ಒಳಗೆ ಫಿಲ್ಟರೂ ಇವೆ, ಟವರ್ ಬಿಟ್ಟು ಜೇಬು ನೋಡಿಕೊಳ್ಳಿ ಅಂದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಪಂಚೆ ಉಟ್ಟ ಹಿರಿಯರೊಬ್ಬರು ಎದ್ದರು. "ಇದೆಲ್ಲ ಬದುಕಿರೋವರೆಗೆ ಆಯ್ತು. ನಂದು ಮುಗಿದ ಮೇಲೆ ಇದನ್ನ ಏನ್ ಮಾಡ್ಬೇಕು?"

ಸಭೆ ಒಂದು ಕ್ಷಣ ಸುಮ್ಮನಾಯಿತು. ನಾನು ಹೇಳಿದೆ: ಹೂಳುವವರು ಹಾಗೇ ಬಿಡಬಹುದು. ಸುಡುವವರು ತೆಗೆಸಲೇಬೇಕು. ಬೆಂಕಿಯಲ್ಲಿ ಆ ಬ್ಯಾಟರಿ ಸಿಡಿಯುತ್ತದೆ. ಇಂಗ್ಲೆಂಡಿನ ಸಾಲಿಹಲ್ ಊರಿನ ಚಿತಾಗಾರದಲ್ಲಿ 1976ರಲ್ಲೇ ಹಾಗಾಯಿತು. ಆಸ್ಪತ್ರೆಯವರಿಗೆ ಹೇಳಿದರೆ ಸಣ್ಣ ಗಾಯ ಮಾಡಿ ತೆಗೆದುಕೊಡುತ್ತಾರೆ, ಐದು ನಿಮಿಷದ ಕೆಲಸ. ದುಃಖದ ಗಡಿಬಿಡಿಯಲ್ಲಿ ಮನೆಯವರಿಗೆ ನೆನಪಿರುವುದಿಲ್ಲ, ಅಷ್ಟೇ.

ಅವರು ತಲೆಯಾಡಿಸಿ ಕೂತರು. ಕಾಫಿ ಹೊತ್ತಿನಲ್ಲಿ ಹತ್ತಿರ ಬಂದು ನನ್ನ ಪೆನ್ ಕೇಳಿದರು. ಪರ್ಸಿನಿಂದ ಪೇಸ್‌ಮೇಕರ್ ಕಾರ್ಡ್ ತೆಗೆದು, ಬಕೆಟ್ ಪಕ್ಕ ಮೇಜಿಗೆ ಒರಗಿಸಿ, ಹಿಂದುಗಡೆ ದುಂಡಗಿನ ಅಕ್ಷರದಲ್ಲಿ ಬರೆದರು: "ಸುಡುವ ಮೊದಲು ತೆಗೆಸಿ." ಶಾಯಿ ಆರಲೆಂದು ಎರಡು ಸಲ ಊದಿ, ಕಾರ್ಡನ್ನು ಒಳಗಿಟ್ಟುಕೊಂಡು, ಪೆನ್ ವಾಪಸ್ ಕೊಟ್ಟರು.